ತೋಟದ ಮನೆಯ ಎಂಎಂ 540: ಉಳಿಸಿಕೊಳ್ಳಬೇಕೆ, ಕೊಟ್ಟು ಥಾರ್ ತರಬೇಕೆ?

ತೋಟದದಾರಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವನು. ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಲ್ಲಿ ನಮ್ಮ ಅಡಿಕೆ ತೋಟವಿದೆ. ಅಪ್ಪ 1992ರಲ್ಲಿ ಹೊಸದಾಗಿ ಕೊಂಡ ಮಹೀಂದ್ರ ಎಂಎಂ 540 ಡೀಸೆಲ್ ಜೀಪು ಅಲ್ಲಿನ ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ ಮೂರು ವರ್ಷಗಳಿಂದ ನಿಂತಿದೆ. ಅದು ಕೆಟ್ಟು ನಿಂತದ್ದಲ್ಲ. ಅಪ್ಪನಿಗೆ ಈಗ 76 ವರ್ಷ, ಮಂಡಿನೋವಿನಿಂದಾಗಿ ಕ್ಲಚ್ ತುಳಿಯಲು ಆಗುವುದಿಲ್ಲ. ನಾನು ವಾರದ ದಿನಗಳಲ್ಲಿ ಪೇಟೆಯಲ್ಲಿರುತ್ತೇನೆ. ಹೀಗೆ ಓಡಿಸುವವರಿಲ್ಲದೆ ಅದು ನಿಂತುಹೋಯಿತು.

ಮಾರಿಬಿಡು ಎನ್ನುತ್ತಿರುವವರು ಅಪ್ಪನೇ. "ಅದರ ಋಣ ಮುಗೀತು, ಇನ್ನು ನಿಂಗ್ಯಾಕಪ್ಪ ಅದರ ಉಸಾಬರಿ" ಎಂಬುದು ಅವರ ಮಾತು. ಹಿಂದೆ ಸರಿಯುತ್ತಿರುವವನು ನಾನು. ಏಳನೆಯ ತರಗತಿಯಲ್ಲಿದ್ದಾಗ ಅವರ ತೊಡೆಯ ಮೇಲೆ ಕುಳಿತು ಅದರ ಸ್ಟೀರಿಂಗ್ ಹಿಡಿದಿದ್ದೆ ಎಂಬ ಕಾರಣವೊಂದೇ ಸಾಕಾಗುವುದಿಲ್ಲವೆಂದು ನನಗೂ ಗೊತ್ತಿದೆ. ಆದ್ದರಿಂದಲೇ ತಿಳಿದವರನ್ನು ಕೇಳುತ್ತಿದ್ದೇನೆ.

ನಮ್ಮ ಬಳಕೆ ಇಷ್ಟೇ: ವಾರಕ್ಕೆ ಎರಡು ಸಲ ದಾವಣಗೆರೆಯಿಂದ ತೋಟಕ್ಕೆ ಹೋಗಿಬರಬೇಕು. ಕೊನೆಯ ಮೂರು ಕಿಲೋಮೀಟರು ಎರೆಮಣ್ಣಿನ ದಾರಿ. ಬೇಸಿಗೆಯಲ್ಲಿ ಅಲ್ಲಿ ಸೈಕಲ್ಲೂ ಸಲೀಸಾಗಿ ಹೋಗುತ್ತದೆ, ಮುಂಗಾರು ಹಿಡಿದುಕೊಂಡರೆ ಎತ್ತೂ ಹಿಂದೆಮುಂದೆ ನೋಡುತ್ತದೆ. ಆಗಾಗ ಗೊಬ್ಬರ, ಪೈಪು, ನಾಲ್ಕಾರು ಆಳು ಸಾಗಿಸಬೇಕಾಗುತ್ತದೆ. ಜೀಪಿನ ನೋಂದಣಿಯನ್ನು 2017ರಲ್ಲಿ ನವೀಕರಿಸಿದ್ದೆವು, 2022ರಲ್ಲಿ ಅದರ ಅವಧಿ ಮುಗಿಯಿತು, ನಂತರ ಮಾಡಿಸಿಲ್ಲ. ಈ ಗಾಡಿಯನ್ನು ಮತ್ತೆ ದಾರಿಗೆ ತರಲು ಏನೇನು ನೋಡಬೇಕು, ಅದರ ಬದಲಿಗೆ ಮಹೀಂದ್ರದವರದೇ ಈಗಿನ ಗಾಡಿಯಾದ ಥಾರ್ ತಂದರೆ ನಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಇನ್ನೊಂದು ಸಣ್ಣ ಜಗಳವೂ ಇದೆ. ಕಾಲೇಜಿನಲ್ಲಿ ಓದುವ ನನ್ನ ಮಗ "ಅದು ಜೀಪೇ ಅಲ್ಲ, ಜೀಪ್ ಬೇರೆ ಕಂಪನಿ, ಇದು ಮಹೀಂದ್ರ" ಎಂದು ವಾದಿಸುತ್ತಾನೆ. ನಲವತ್ತು ವರ್ಷ ಜೀಪು ಎಂದೇ ಕರೆದ ನನಗೆ ಇದಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಹಳೇದಾಖಲೆ (ಚಿತ್ರದುರ್ಗ) ಬರೆದದ್ದು:

ಮೇಷ್ಟ್ರೇ, ನಾನು ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಗಾಡಿ ರಿಪೇರಿಯ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ನಿಮ್ಮ ಮಗ ಹೇಳಿದ್ದು ಈ ಹೊತ್ತಿನ ಕಾನೂನಿನ ಪ್ರಕಾರ ಸರಿ, ನೀವು ಹೇಳಿದ್ದು ಇತಿಹಾಸದ ಪ್ರಕಾರ ಸರಿ.

ಎರಡನೆಯ ಮಹಾಯುದ್ಧ ಅಮೆರಿಕದ ಬಾಗಿಲಿಗೆ ಬಂದಿದ್ದ 1940ರಲ್ಲಿ, ಆ ದೇಶದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತ ಸಿಗುವ ಗಸ್ತುವಾಹನ ಬೇಕೆಂದು 135 ತಯಾರಕರಿಗೆ ಕರೆ ಕಳಿಸಿತು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕೆಂಬ ಷರತ್ತನ್ನು ನೋಡಿಯೇ ಹೆಚ್ಚಿನವರು ಸುಮ್ಮನಾದರು. ಷರತ್ತಿಗೆ ಒಪ್ಪಿ ಗಡುವಿನೊಳಗೆ ಗಾಡಿ ತಂದು ನಿಲ್ಲಿಸಿದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ಹೆಚ್ಚುಕಡಿಮೆ ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಅದರ ನಕ್ಷೆಗಳನ್ನು ಕೆಲವೇ ದಿನಗಳಲ್ಲಿ ಬರೆದು ಮುಗಿಸಿದ್ದರು. 1940ರ ಸೆಪ್ಟೆಂಬರ್ 23ರಂದು ಆ ಗಾಡಿ ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾ ಶಿಬಿರವನ್ನು ತಲುಪಿತು. ಆದರೆ ಸೇನೆಗೆ ಬ್ಯಾಂಟಮ್‌ನ ಗಾಡಿ ಹಿಡಿಸಿತೇ ಹೊರತು ಅದರ ಕಾರ್ಖಾನೆಯ ಸಾಮರ್ಥ್ಯದ ಮೇಲೆ ನಂಬಿಕೆ ಬರಲಿಲ್ಲ. ನಕ್ಷೆಗಳು ವಿಲ್ಲೀಸ್ ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳ ಕಣ್ಣಿಗೂ ಬಿದ್ದವು. ವಿಲ್ಲೀಸ್‌ನವರ ಬಳಿ ಬಾರ್ನಿ ರೂಸ್ ಎಂಬ ಮುಖ್ಯ ಎಂಜಿನಿಯರ್ ಪಳಗಿಸಿದ್ದ 60 ಅಶ್ವಶಕ್ತಿಯ ಗೋ ಡೆವಿಲ್ ಎಂಜಿನ್ ಇತ್ತು, ಪೈಪೋಟಿಯಲ್ಲಿ ಅದೇ ಗೆದ್ದಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಒಂದೇ ಅಚ್ಚಿನ 6 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ತಯಾರಿಸಿದ್ದವು. ಹೆತ್ತ ಬ್ಯಾಂಟಮ್ ತಯಾರಿಸಿದ್ದು ಮೂರು ಸಾವಿರವೂ ಅಲ್ಲ, ಕೊನೆಗೆ ಅದಕ್ಕೆ ಉಳಿದದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರುಗಳ ಕೆಲಸ. ಜೀಪನ್ನು ಸೃಷ್ಟಿಸಿದವರು ನಾವೇ ಎಂದು ವಿಲ್ಲೀಸ್ ಜಾಹೀರಾತು ಕೊಟ್ಟುಕೊಂಡಾಗ ಅಮೆರಿಕದ ವ್ಯಾಪಾರ ಆಯೋಗ ಅದನ್ನು ಪ್ರಶ್ನಿಸಿತು, 1948ರಲ್ಲಿ ಆ ಹೆಗ್ಗಳಿಕೆಯನ್ನು ತಳ್ಳಿಹಾಕಿತು. ಆದರೂ 1950ರಲ್ಲಿ ಜೀಪ್ ಎಂಬ ಹೆಸರು ವಿಲ್ಲೀಸ್ ಹೆಸರಿಗೇ ನೋಂದಣಿಯಾಯಿತು. ಬೀಜ ಬಿತ್ತಿದವನೊಬ್ಬ, ಬೆಳೆ ಕೊಯ್ದವನೊಬ್ಬ ಎಂಬ ಮಾತಿಗೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಜೀಪ್ ಎಂಬ ಪದ ಜಿ ಮತ್ತು ಪಿ ಎಂಬ ಎರಡು ಅಕ್ಷರಗಳಿಂದ ಹುಟ್ಟಿತೆಂದು ಎಲ್ಲೆಡೆ ಹೇಳುತ್ತಾರೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. 1936ರಲ್ಲೇ ಪೊಪಾಯ್ ಚಿತ್ರಕಥೆಯಲ್ಲಿ ಎಲ್ಲಿ ಬೇಕಾದರೂ ನುಸುಳಬಲ್ಲ ಜೀಪ್ ಎಂಬ ಮಾಯದ ಪ್ರಾಣಿಯೊಂದು ಬಂದಿತ್ತು. ಸೈನಿಕರ ಬಾಯಲ್ಲಿ ಆ ಹೆಸರು ಹರಿದಾಡುತ್ತಿತ್ತು.

ಇನ್ನು ನಮ್ಮ ಕಡೆಯ ಕಥೆ. 1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸಹೋದರರು ಮಲಿಕ್ ಗುಲಾಂ ಮೊಹಮ್ಮದ್ ಅವರೊಡನೆ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಸಂಸ್ಥೆಯನ್ನು ಕಟ್ಟಿದರು. ದೇಶ ವಿಭಜನೆಯಾದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಸಂಸ್ಥೆಯ ಹೆಸರು 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ಅದೇ ಕಾಲಕ್ಕೆ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸುವ ಕೆಲಸ ಮೊದಲಾಯಿತು. ಹೀಗೆ ಪರವಾನಗಿ ಪಡೆದು ಜೋಡಿಸುತ್ತ ಜೋಡಿಸುತ್ತ ಒಂದೊಂದೇ ಭಾಗವನ್ನು ಇಲ್ಲಿಯೇ ತಯಾರಿಸತೊಡಗಿದರು. ಎತ್ತರದ ಬಾನೆಟ್ಟಿನ ಸಿಜೆ 3ಬಿ ಎಂಬ ಜೀಪಿನ ಮಾದರಿಯನ್ನು ಅಮೆರಿಕದಲ್ಲಿ 1968ರಲ್ಲಿ ನಿಲ್ಲಿಸಿದರೂ ನಮ್ಮಲ್ಲಿ ಅದರ ಸಂತತಿ ಮುಂದೆಯೂ ದಶಕಗಳ ಕಾಲ ಹೊಸ ಹೊಸ ಎಂಜಿನ್ ಹೊತ್ತು ಓಡಿತು. ಪೆಟ್ರೋಲು ದುಬಾರಿಯಾದಾಗ ಡೀಸೆಲ್ ಎಂಜಿನ್ ಬಂತು, 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ ಪರವಾನಗಿಯಲ್ಲಿ ತಯಾರಾದ ಎಕ್ಸ್‌ಡಿಪಿ ಎಂಜಿನ್ ಬಂತು. ನಿಮ್ಮ ತಂದೆಯವರ ಜೀಪಿನಲ್ಲಿರುವುದು ಅದೇ 2112 ಸಿಸಿಯ ಎಂಜಿನ್. ಅಂದರೆ ಅಮೆರಿಕದ ಮೈಕಟ್ಟು, ಫ್ರೆಂಚ್ ಎದೆ, ಭಾರತದ ಕೈಕೆಲಸ.

ಅತ್ತ ಮೂಲ ಹೆಸರು ಕೈಯಿಂದ ಕೈಗೆ ದಾಟಿತು. ವಿಲ್ಲೀಸ್‌ನಿಂದ 1953ರಲ್ಲಿ ಕೈಸರ್, 1970ರಲ್ಲಿ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್, ಮುಂದೆ ಫಿಯಟ್‌ನೊಡನೆ ವಿಲೀನ, 2021ರಿಂದ ಸ್ಟೆಲ್ಲಾಂಟಿಸ್. ಆ ಜೀಪ್ ಬ್ರಾಂಡ್ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2016ರಲ್ಲಿ, ಪುಣೆ ಬಳಿಯ ರಂಜನ್‌ಗಾಂವ್‌ನಲ್ಲಿ ಅದರ ಕಂಪಾಸ್ ಎಂಬ ಗಾಡಿ ತಯಾರಾಗತೊಡಗಿದ್ದು 2017ರಲ್ಲಿ. ಮಹೀಂದ್ರದವರು ಅಮೆರಿಕದಲ್ಲಿ ರಾಕ್ಸರ್ ಎಂಬ ಗಾಡಿಯನ್ನು ಮಾರತೊಡಗಿದಾಗ, ಮುಖಚಹರೆ ನಮ್ಮದರಂತೆಯೇ ಇದೆ ಎಂದು 2018ರಲ್ಲಿ ಜೀಪ್‌ನ ಒಡೆಯರು ದೂರು ಕೊಟ್ಟರು. ಆಮೇಲೆ ಅದರ ಮುಂಭಾಗವನ್ನು ಬದಲಿಸಿ ಮಾರಬೇಕಾಯಿತು. ಒಂದೇ ಮನೆತನದ ದಾಯಾದಿಗಳು ಮನೆಯ ಹೆಸರಿಗಾಗಿ ಕಟ್ಟೆ ಹತ್ತಿದಂತೆ ಇದು. ದುರ್ಗದ ಕಡೆ ನಾವು ಮಾರ್ಷಲ್‌ಗೂ ಜೀಪು, ಟ್ರ್ಯಾಕ್ಸ್‌ಗೂ ಜೀಪು, ಚುನಾವಣೆಗೆ ಮೈಕು ಕಟ್ಟಿಕೊಂಡು ಬಂದದ್ದೆಲ್ಲಕ್ಕೂ ಜೀಪು ಎನ್ನುತ್ತಿದ್ದೆವು. ಆ ಹಕ್ಕನ್ನು ಯಾವ ಕೋರ್ಟೂ ಕಸಿದುಕೊಳ್ಳಲಾರದು ಎಂದು ಮಗನಿಗೆ ಹೇಳಿ.

ಲೇತ್‌ಮನೆ (ಹರಿಹರ) ಬರೆದದ್ದು:

ಮೇಷ್ಟ್ರಿಗೆ ನಮಸ್ಕಾರ. ನಾನು ಇಪ್ಪತ್ತೆಂಟು ವರ್ಷಗಳಿಂದ ಡೀಸೆಲ್ ಗಾಡಿಗಳ ಕೆಲಸ ಮಾಡುತ್ತಿದ್ದೇನೆ, ನನ್ನದೂ ಒಂದು ಎಂಎಂ 540 ಇದೆ. ಮೊದಲು ಒಂದು ಮಾತು: ಮೂರು ವರ್ಷ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ, ಹುರುಪಿನಲ್ಲಿ ಸೆಲ್ಫ್ ಹೊಡೆಯಬೇಡಿ. ಗಾಡಿ ಕೆಡುವುದು ನಿಂತಾಗಲ್ಲ, ಹೀಗೆ ಎಬ್ಬಿಸುವಾಗ.

ಟ್ಯಾಂಕಿನಲ್ಲಿ ಉಳಿದ ಡೀಸೆಲ್ ಇಷ್ಟು ಹೊತ್ತಿಗೆ ನೀರು ಕುಡಿದು, ತಳದಲ್ಲಿ ಲೋಳೆ ಕಟ್ಟಿರುತ್ತದೆ. ಅದು ಪಂಪಿಗೆ ಹೋದರೆ ಪಂಪೂ, ಡೀಸೆಲ್ ಸಿಂಪಡಿಸುವ ನಾಝಲ್ಲೂ ಒಟ್ಟಿಗೆ ಕೈಕೊಡುತ್ತವೆ, ಆ ಖರ್ಚು ಇಡೀ ಉಳಿದ ಕೆಲಸದ ಖರ್ಚನ್ನು ಮೀರಬಹುದು. ಟ್ಯಾಂಕನ್ನು ಇಳಿಸಿ ತೊಳೆಸಿ, ಫಿಲ್ಟರ್ ಬದಲಿಸಿ, ಹೊಸ ಡೀಸೆಲ್ ಹಾಕಿ, ಪೈಪುಗಳಲ್ಲಿನ ಗಾಳಿ ತೆಗೆಸಿ. ಎಂಜಿನ್ ಆಯಿಲ್ ಹೊಸದಾಗಲಿ. ಎಂಜಿನ್ನನ್ನು ಮೊದಲು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ನೋಡಬೇಕು, ಸಲೀಸಾಗಿ ತಿರುಗಿದರೆ ಅರ್ಧ ಚಿಂತೆ ಕಳೆದಂತೆ. ತೋಟದ ಮನೆ ಎಂದಿದ್ದೀರಿ, ಆದ್ದರಿಂದ ವೈರಿಂಗ್ ಅನ್ನು ಇಲಿ ಕಡಿದಿದೆಯೇ ಎಂದು ಬ್ಯಾಟರಿ ಜೋಡಿಸುವ ಮುಂಚೆಯೇ ಪರೀಕ್ಷಿಸಿ. ಬಾನೆಟ್ಟಿನೊಳಗೆ ಬೆಂಕಿ ಹತ್ತಿದ ಎರಡು ಪ್ರಕರಣಗಳನ್ನು ನಾನು ನೋಡಿದ್ದೇನೆ, ಎರಡರಲ್ಲೂ ಇಲಿಯದೇ ಕೈವಾಡ.

ಎಕ್ಸ್‌ಡಿಪಿ ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಸಿಂಪಡಣೆಯಾಗುವುದಿಲ್ಲ, ಹೆಡ್ಡಿನಲ್ಲಿರುವ ಸಣ್ಣ ಗೂಡಿನೊಳಗೆ ಉರಿ ಶುರುವಾಗಿ ನಂತರ ಕೆಳಗಿಳಿಯುತ್ತದೆ. ಹಾಗಾಗಿ ಶಬ್ದ ಮೆದು, ಆದರೆ ತಣ್ಣಗಿರುವಾಗ ಹೀಟರ್ ಪ್ಲಗ್ ಬಿಸಿಯಾಗದೆ ಅದು ಎದ್ದೇಳುವುದಿಲ್ಲ. ಎಂಜಿನ್ ಹೋಗಿದೆ ಎಂದು ನನ್ನ ಬಳಿ ಎಳೆದು ತಂದ ಎಷ್ಟೋ ಗಾಡಿಗಳಲ್ಲಿ ಹೋಗಿದ್ದದ್ದು ಹೀಟರ್ ಪ್ಲಗ್ ಮಾತ್ರ. ಆಮೇಲೆ ಬಂದ ಎಂಡಿಐ ಎಂಜಿನ್ನುಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆಯೇ ಬೀಳುತ್ತದೆ. ಅವು ಮೈಲೇಜು ಕೊಡುತ್ತವೆ, ಸದ್ದೂ ಮಾಡುತ್ತವೆ. ಎಂಜಿನ್ ಎದ್ದ ಮೇಲೆ ಹೊಗೆ ನೋಡಿ. ಮೊದಲಲ್ಲಿ ಬಿಳಿ ಹೊಗೆ ಬಂದು ಬಿಸಿಯಾದಂತೆ ನಿಂತರೆ ಹೆದರಬೇಕಿಲ್ಲ. ನಿಲ್ಲದೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್ ಅಥವಾ ನಾಝಲ್ ನೋಡಿ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹಬೆಗಾಡಿಯಂತೆ ಹೊಗೆ ಉಗುಳಿದರೆ ಪಿಸ್ಟನ್ ರಿಂಗುಗಳು ಸವೆದಿವೆ.

ಆದರೆ ನಿಮ್ಮ ನಿರ್ಧಾರ ಎಂಜಿನ್ನಿನ ಮೇಲಲ್ಲ, ಚಾಸಿಯ, ಅಂದರೆ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಬೇಕು. ಎಂಜಿನ್ ಬಿಚ್ಚಿ ಕಟ್ಟಬಹುದು, ಬಾಡಿಯನ್ನು ಟಿಂಕರಿಂಗ್‌ನವರು ಹೊಸದಾಗಿಯೇ ಬಡಿದು ಕೊಡುತ್ತಾರೆ, ಕೊಳೆತ ಚಾಸಿಗೆ ಮಾತ್ರ ಮದ್ದಿಲ್ಲ. ಕೊಟ್ಟಿಗೆಯ ಪಕ್ಕ ಎಂದಿದ್ದೀರಿ. ಗಂಜಲದ ತೇವ ಕಬ್ಬಿಣಕ್ಕೆ ಮಳೆಗಿಂತ ದೊಡ್ಡ ಶತ್ರು. ಒಂದು ಸಣ್ಣ ಸುತ್ತಿಗೆ ಹಿಡಿದು ಗಾಡಿಯ ಕೆಳಗೆ ಮಲಗಿ, ಕಮಾನ್ ಪಟ್ಟಿಗಳು ಚಾಸಿಗೆ ಕೂಡುವ ಜಾಗಗಳನ್ನೂ ಬಾಡಿ ಕೂರುವ ಜಾಗಗಳನ್ನೂ ತಟ್ಟುತ್ತ ಹೋಗಿ. ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ತುಕ್ಕು ತಿಂದಿದೆ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಕಿವಿ ಸಾಕು.

ಆಮೇಲೆ ಬ್ರೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಮೂರು ವರ್ಷ ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರುಗಳು ಹಿಡಿದುಕೊಂಡಿರುವುದೇ ಹೆಚ್ಚು. ಅದರಲ್ಲಿ ಉಳಿತಾಯ ಮಾಡಬೇಡಿ. ಸ್ಟೀರಿಂಗ್‌ನಲ್ಲಿ ಎಷ್ಟು ಆಟವಿದೆ ನೋಡಿ. ಗುಂಡಿಯೊಂದಕ್ಕೆ ಚಕ್ರ ಬಿದ್ದೊಡನೆ ಸ್ಟೀರಿಂಗ್ ಗಡಗಡ ನಡುಗತೊಡಗಿದರೆ ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುವ ಕಿಂಗ್ ಪಿನ್ ಬೇರಿಂಗುಗಳು ಸವೆದಿವೆ. ಹಳೆಯ ಜೀಪುಗಳಲ್ಲಿ ಇದು ಬಹಳ ಸಾಮಾನ್ಯ, ಸರಿಪಡಿಸುವುದೂ ಸುಲಭ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಮೇಲಿನ ಸಂದಿಗಳು ಎಷ್ಟೇ ಆಳವಾಗಿ ಕಂಡರೂ ಹಳತಾದ ಟೈರನ್ನು ನಂಬಿ ಹೆದ್ದಾರಿಗೆ ಹೋಗಬೇಡಿ.

ಬಿಡಿಭಾಗಗಳು ಸಿಗುತ್ತವೆಯೇ ಎಂಬ ಭಯ ನಿಮಗಿರಬಹುದು. ಹರಿಹರ ಎಂದರೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶಕ್ಕೆಲ್ಲ ಹೋಗುತ್ತಿದ್ದ ಊರು. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಆದರೆ ಕೈಗಳು ಮುಚ್ಚಿಲ್ಲ. ಪಿನ್ನು, ಬುಶ್ಶು, ಶ್ಯಾಕಲ್ಲು ಯಾವುದು ಅಂಗಡಿಯಲ್ಲಿ ಸಿಗದಿದ್ದರೂ ಹಳೆಯದನ್ನು ಮುಂದಿಟ್ಟರೆ ಸಂಜೆಯೊಳಗೆ ಹೊಸದು ಕಡೆದು ಕೊಡುವವರು ಇಲ್ಲಿ ಇದ್ದಾರೆ. ನನ್ನ ಲೆಕ್ಕದಲ್ಲಿ ಗಾಡಿ ಗಟ್ಟಿ ಎನ್ನುವುದು ಅದು ಕೆಡುವುದಿಲ್ಲ ಎಂಬುದಕ್ಕಲ್ಲ, ಕೆಟ್ಟು ನಿಂತ ಊರಿನಲ್ಲೇ ರಿಪೇರಿಯಾಗುತ್ತದೆ ಎಂಬುದಕ್ಕೆ.

ನೋಂದಣಿಯ ಬಗ್ಗೆ: 15 ವರ್ಷ ದಾಟಿದ ಕಾರು, ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವುಗಳಿಗೆ ಆಮೇಲೆ ಮತ್ತಷ್ಟು ಏರಿಸಿದ್ದಾರೆ. ತಡವಾದುದಕ್ಕೆ ದಂಡ, ಹಸಿರು ತೆರಿಗೆ ಬೇರೆ. ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಆ ಮೊತ್ತವನ್ನೂ ರಿಪೇರಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಮತ್ತೊಂದು ಎಚ್ಚರಿಕೆ: ಬೇರೆ ಎಂಜಿನ್ ಕೂರಿಸಿ, ದಪ್ಪ ಟೈರು ಹಾಕಿ, ಚಾಸಿ ಕತ್ತರಿಸಿ ಸೊಗಸು ಮಾಡಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ತಪಾಸಣೆಗೆ ನಿಂತಾಗ ಸೊಗಸೇ ತೊಡಕಾಗುತ್ತದೆ.

ಗಾಳಿಗುಡ್ಡ (ಚಿತ್ರದುರ್ಗ) ಬರೆದದ್ದು:

ಥಾರ್ ಬಗ್ಗೆ ಕೇಳಿದ್ದೀರಿ. ದುರ್ಗದ ಸುತ್ತಲಿನ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳ ನಿರ್ವಹಣೆ ನನ್ನ ಕೆಲಸ. ಹಾಗಾಗಿ ವಾರದಲ್ಲಿ ಐದು ದಿನ ಜಲ್ಲಿಯ ಕಡಿದಾದ ದಾರಿ ಹತ್ತಿಳಿಯುತ್ತೇನೆ. ಮೊದಲು ನನ್ನ ಬಳಿ 2014ರ ಹಳೆಯ ಥಾರ್ ಇತ್ತು, ಈಗ 2021ರ ಡೀಸೆಲ್ ಥಾರ್ ಇದೆ. ಹೆಸರು ಒಂದೇ ಆದರೂ ಅವು ಎರಡು ಬೇರೆ ಗಾಡಿಗಳು.

2010ರಲ್ಲಿ ಬಂದ ಥಾರ್ ನಿಮ್ಮ ಎಂಎಂ 540ರ ನೇರ ವಾರಸುದಾರ. ಹಿಂದೆ ಕಮಾನ್ ಪಟ್ಟಿ, ಎದುರುಬದುರು ಬೆಂಚು, ಮೇಲೆ ಟಾರ್ಪಾಲು, ಒಳಗೆ 105 ಅಶ್ವಶಕ್ತಿಯ ಸಿಆರ್‌ಡಿಇ ಎಂಜಿನ್. ಅದು ಎಲ್ಲಿಗೆ ಬೇಕಾದರೂ ಹತ್ತುತ್ತಿತ್ತು, ಆದರೆ ಬೆಂಗಳೂರಿಗೆ ಹೋಗಿ ಬಂದ ದಿನ ಬೆನ್ನು ಯಾರದೋ ಎನ್ನಿಸುತ್ತಿತ್ತು. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಥಾರ್ ಬುಡದಿಂದಲೇ ಹೊಸದು. 130 ಅಶ್ವಶಕ್ತಿಯ 2.2 ಲೀಟರ್ ಡೀಸೆಲ್ ಅಥವಾ 150 ಅಶ್ವಶಕ್ತಿಯ 2 ಲೀಟರ್ ಪೆಟ್ರೋಲ್ ಎಂಜಿನ್, ನೆಲದಿಂದ 226 ಮಿಲಿಮೀಟರ್ ಎತ್ತರ, 650 ಮಿಲಿಮೀಟರ್ ಆಳದ ನೀರು ದಾಟುವ ಸಾಮರ್ಥ್ಯ. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಅದಕ್ಕೆ ಐದರಲ್ಲಿ 4 ನಕ್ಷತ್ರ ಬಂದವು. ಏರ್‌ಬ್ಯಾಗೇ ಇಲ್ಲದ ಹಳೆಯ ಜೀಪಿನೊಡನೆ ಹೋಲಿಸಿದರೆ ನಿಮ್ಮ ಮನೆಯವರು ಮೊದಲು ನೋಡಬೇಕಾದದ್ದು ಇದನ್ನೇ ಎಂದು ನನಗನ್ನಿಸುತ್ತದೆ.

ಎಲ್ಲ ಥಾರ್‌ಗಳೂ ನಾಲ್ಕು ಚಕ್ರದ ಎಳೆತದವಲ್ಲ ಎಂಬುದನ್ನು ಮರೆಯಬೇಡಿ. 2023ರ ಜನವರಿಯಿಂದ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಎಳೆತ ಸಿಗುವ ಥಾರ್ ಕೂಡ ಮಾರಾಟಕ್ಕೆ ಬಂತು, ಅದರ ಡೀಸೆಲ್ ಎಂಜಿನ್ 1.5 ಲೀಟರಿನದು. ಹೊರಗಿನಿಂದ ನೋಡಿದವರಿಗೆ ಸುಲಭವಾಗಿ ವ್ಯತ್ಯಾಸ ತಿಳಿಯದು. ನನ್ನ ಪರಿಚಿತರೊಬ್ಬರು ಬೆಲೆ ಕಡಿಮೆಯೆಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಅದನ್ನು ತಂದು, ಗೇರ್ ಪಕ್ಕದಲ್ಲಿ ಫೋರ್ ವೀಲ್ ಹಾಕುವ ಎರಡನೆಯ ದಂಡ ಎಲ್ಲಿ ಎಂದು ನನ್ನನ್ನು ಕೇಳಿದ್ದರು. 2024ರ ಆಗಸ್ಟ್‌ನಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನಲ್ಲೂ ನಾಲ್ಕು ಚಕ್ರದ ಎಳೆತ ಡೀಸೆಲ್‌ನಲ್ಲಿ ಮಾತ್ರ ಇದೆ.

ನಿಮ್ಮ ಎರೆಮಣ್ಣಿನ ಮೂರು ಕಿಲೋಮೀಟರಿನ ಬಗ್ಗೆ ಹೇಳಲೇಬೇಕು. ಜಲ್ಲಿಯ ಗುಡ್ಡ ಹತ್ತುವುದಕ್ಕೆ ಗಾಡಿಯ ಬಲ ಬೇಕು, ಎರೆಗೆ ಬೇಕಾದದ್ದು ಟೈರು. ಹೊಸ ಗಾಡಿಯ ಸೊಕ್ಕಿನಲ್ಲಿ ನಾನು ಹಿರಿಯೂರು ಕಡೆಯ ಹೊಲವೊಂದರ ಬದಿಯಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಇಳಿದೆ. ನಾಲ್ಕೂ ಚಕ್ರ ತಿರುಗುತ್ತಿದ್ದವು, ಗಾಡಿ ಮಾತ್ರ ಅಡ್ಡಡ್ಡ ಜಾರಿ ಬದುವಿಗೆ ಒರಗಿತು. ಇಳಿದು ನೋಡಿದರೆ ಹೆದ್ದಾರಿಯ ಟೈರಿನ ಸಂದಿಗಳಲ್ಲೆಲ್ಲ ಎರೆ ಮೆತ್ತಿಕೊಂಡು, ಟೈರುಗಳು ಬೋಳಾದ ಸಿಮೆಂಟ್ ಪೈಪಿನಂತೆ ಆಗಿದ್ದವು. ತಪ್ಪು ನನ್ನದೇ. ಕೊನೆಗೆ ಹಗ್ಗ ಕಟ್ಟಿ ಎಳೆದದ್ದು ಟ್ರ್ಯಾಕ್ಟರ್. ಮಣ್ಣನ್ನು ತಾನೇ ಕೊಡವಿಕೊಳ್ಳುವ ಅಗಲ ಸಂದಿಯ ಟೈರು ಹಾಕಿ, ಗಾಳಿ ಸ್ವಲ್ಪ ಇಳಿಸಿ, ನಿಲ್ಲದೆ ಒಂದೇ ವೇಗದಲ್ಲಿ ಹೋದರೆ ಮಾತ್ರ ಆ ಮಣ್ಣು ದಾರಿ ಬಿಡುತ್ತದೆ. ಈ ಮಾತು ಎಂಎಂ 540ಕ್ಕೂ ಅಷ್ಟೇ ಅನ್ವಯಿಸುತ್ತದೆ.

ಡಾಂಬರಿನ ಮೇಲೆ ಬಂದೊಡನೆ ಫೋರ್ ವೀಲ್ ಬಿಡಿಸಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ, ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಬಿಗಿಯಾಗಿ ಕೂಡಿಕೊಂಡಿರುವುದರಿಂದ ಆ ವ್ಯತ್ಯಾಸ ಸಡಿಲಗೊಳ್ಳಲು ದಾರಿಯಿರುವುದಿಲ್ಲ. ಮಣ್ಣಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಒತ್ತಡವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ.

ಇನ್ನು ಗೊಬ್ಬರ, ಪೈಪು, ಆಳು ಎಂದಿದ್ದೀರಿ. ಮೂರು ಬಾಗಿಲಿನ ಥಾರ್‌ನಲ್ಲಿ ನಾಲ್ಕು ಜನ ಕುಳಿತರೆ ಹಿಂದೆ ಒಂದು ಗೊಬ್ಬರದ ಚೀಲಕ್ಕೂ ಜಾಗ ಹುಡುಕಬೇಕು. ಅದು ಹೊಲದ ಗಾಡಿಯಲ್ಲ.

ಜಗಳೂರುಗಿರಾಕಿ ಬರೆದದ್ದು:

ಎಲ್ಲರೂ ಯಾವ ಜೀಪು ಎಂದು ಬರೆದಿದ್ದೀರಿ, ಜೀಪು ಏಕೆ ಎಂದು ಯಾರೂ ಕೇಳಲಿಲ್ಲ. ಮಳೆಗಾಲದ ಎರಡು ತಿಂಗಳು, ವಾರಕ್ಕೆ ಎರಡು ಸಲ, ಮೂರು ಕಿಲೋಮೀಟರು. ಇಷ್ಟಕ್ಕಾಗಿ ಲಕ್ಷಗಟ್ಟಲೆ ಸುರಿದು ಥಾರ್ ತರುವ ಬದಲು ಕಾರನ್ನು ಡಾಂಬರಿನ ತುದಿಯಲ್ಲಿ ನಿಲ್ಲಿಸಿ ಊರಿನ ಟ್ರ್ಯಾಕ್ಟರ್ ಹತ್ತಿದರೆ ಸಾಕು. ನಾನು ಹತ್ತು ವರ್ಷ ಜೀಪು ಇಟ್ಟುಕೊಂಡಿದ್ದವನು, ಮಾರಿದ ಮೇಲೆ ಒಂದು ದಿನವೂ ಅದಿಲ್ಲದೆ ಕೆಲಸ ನಿಂತಿಲ್ಲ. ನಿಮ್ಮ ತಂದೆಯವರು 30 ವರ್ಷ ಓಡಿಸಿದವರು, ಅವರೇ ಮಾರು ಎನ್ನುತ್ತಿರುವಾಗ ಆ ಮಾತಿಗೂ ಸ್ವಲ್ಪ ತೂಕ ಕೊಡಿ. ಪವರ್ ಸ್ಟೀರಿಂಗ್ ಇಲ್ಲದ, ಏರ್‌ಬ್ಯಾಗ್ ಇಲ್ಲದ ಗಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ನಡುವೆ ನುಗ್ಗುವುದು 1992ರಲ್ಲಿ ಇದ್ದಂತೆ ಈಗಿಲ್ಲ.

ಲೇತ್‌ಮನೆ (ಹರಿಹರ) ಬರೆದದ್ದು:

ಜಗಳೂರಿನವರ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ಎಂಎಂ 540 ಹೆದ್ದಾರಿಗೆ ಹೋಗುವುದಿಲ್ಲ. ಗಂಟೆಗೆ 50–60 ಕಿಲೋಮೀಟರು ಅದರ ನೆಮ್ಮದಿಯ ವೇಗ, ಅದಕ್ಕಿಂತ ಮೇಲೆ ಗಾಡಿಗೂ ಸುಖವಿಲ್ಲ, ಒಳಗಿದ್ದವರಿಗೂ ಇಲ್ಲ. ಮೇಷ್ಟ್ರು ಅದನ್ನು ತೋಟದಲ್ಲೇ ಇಟ್ಟು, ಪೇಟೆಯಿಂದ ಅಲ್ಲಿಯವರೆಗೆ ಈಗಿರುವ ವಾಹನದಲ್ಲೇ ಹೋಗಿ, ಕೊನೆಯ ಮೂರು ಕಿಲೋಮೀಟರಿಗೆ ಜೀಪು ಬಳಸಬಹುದು. ಹಾಗೆ ಬಳಸಿದರೂ ಅದು ಸಾರ್ವಜನಿಕ ರಸ್ತೆಯೇ ಆದ್ದರಿಂದ ನೋಂದಣಿ, ವಿಮೆ ಎರಡೂ ಚಾಲ್ತಿಯಲ್ಲಿರಬೇಕು.

ತೋಟದದಾರಿ (ದಾವಣಗೆರೆ) ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಹಳೇದಾಖಲೆಯವರ ಉತ್ತರವನ್ನು ಮಗನಿಗೆ ಓದಿ ಹೇಳಿದೆ. ಬ್ಯಾಂಟಮ್ ಎಂಬ ಹೆಸರನ್ನು ಅವನೂ ಕೇಳಿರಲಿಲ್ಲವಂತೆ, ಹಾಗಾಗಿ ಜಗಳ ಸಮವಾಯಿತು.

ಭಾನುವಾರ ಸುತ್ತಿಗೆ ಹಿಡಿದು ಜೀಪಿನ ಕೆಳಗೆ ಮಲಗಿದ್ದೆ. ಮಾರು ಮಾರು ಎನ್ನುತ್ತಿದ್ದ ಅಪ್ಪ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕುಳಿತರು. ಬಹುಪಾಲು ಕಡೆ ಠಣ್ ಎಂದೇ ಕೇಳಿಸಿತು. ಹಿಂದಿನ ಎಡಗಡೆಯ ಕಮಾನ್ ಪಟ್ಟಿಯ ಬಳಿ ಸದ್ದು ಬದಲಾದಾಗ, ನಾನು ಏನೂ ಹೇಳುವ ಮೊದಲೇ ಅಪ್ಪ, "ಅಲ್ಲಿ ಹಂಗೇ ಕೇಳ್ತತಿ, ಅದು ಒಡೆದಿತ್ತು, 2003ರಾಗ ಮೇಲೊಂದು ಪ್ಲೇಟು ಹಾಕಿಸೀನಿ. ಬಲಗಡೇದು ನೋಡು, ಅದು ನೀರು ಹಿಡೀತಿತ್ತು" ಎಂದರು. ಬಲಗಡೆ ಗಟ್ಟಿಯಾಗಿಯೇ ಇದೆ. ಎಂಜಿನ್ ಕೈಯಲ್ಲಿ ತಿರುಗಿತು. ಹಾರ್ನಿನ ವೈರು, ಹಿಂದಿನ ದೀಪದ ವೈರು ಇಲಿಯ ಪಾಲಾಗಿವೆ. ಥಾರ್ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಆ ಪ್ಲೇಟು ಹಾಕಿದ ಜಾಗದ ಬಗ್ಗೆ ಮಾತ್ರ ಲೇತ್‌ಮನೆಯವರು ದಯವಿಟ್ಟು ತಿಳಿಸಬೇಕು, ಅದನ್ನು ಬಿಚ್ಚಿಸಿ ನೋಡಬೇಕೆ?

ಲೇತ್‌ಮನೆ (ಹರಿಹರ) ಬರೆದದ್ದು:

ಬಿಚ್ಚಿಸಬೇಡಿ. ಪ್ಲೇಟಿನ ಅಂಚುಗಳ ಸುತ್ತ ವೈರ್ ಬ್ರಶ್‌ನಿಂದ ಉಜ್ಜಿ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕೇನಾದರೂ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬಿರುಕಿಲ್ಲದಿದ್ದರೆ ತುಕ್ಕು ನಿರೋಧಕ ಬಣ್ಣ ಬಳಿದು ಬಿಟ್ಟುಬಿಡಿ, 20 ವರ್ಷ ತಡೆದದ್ದು ಇನ್ನೂ ತಡೆಯುತ್ತದೆ. ಬಿರುಕು ಕಂಡರೆ ಒಂದು ಫೋಟೋ ಹಾಕಿ. ಅದಕ್ಕಿಂತ ಮೊದಲು ಚಾಸಿ ನಂಬರ್ ಕೆತ್ತಿದ ಜಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದುಕೊಳ್ಳಿ, ಅದನ್ನು ಆರ್‌ಸಿ ಪುಸ್ತಕದ ನಂಬರಿನೊಡನೆ ಹೋಲಿಸಿ. ತುಕ್ಕಿನಿಂದ ಒಂದೇ ಒಂದು ಅಂಕಿ ಅಳಿಸಿದ್ದರೂ ತಪಾಸಣೆಯ ದಿನ ಗಾಡಿ ಹಿಂದಕ್ಕೆ ಬರುತ್ತದೆ, ಆದ್ದರಿಂದ ರಿಪೇರಿಗೆ ಮುಂಗಡ ಕೊಡುವ ಮುಂಚೆ ಆ ಅಚ್ಚು ನಿಮ್ಮ ಕೈಯಲ್ಲಿರಲಿ. ಹಾರ್ನಿನ ವೈರಿಗೆ ಹೊಸ ಲೂಮ್ (ವೈರುಗಳ ಇಡೀ ಕಟ್ಟು) ಬೇಕಿಲ್ಲ, ತುಂಡು ಜೋಡಿಸಿದರೆ ಸಾಕು.